ಒಂದೇ ಹಾಟ್ ಸೀಟ್, ಬೇರೆ ಬೇರೆ ಲೆಕ್ಕ: ‘ಕೋಟ್ಯಧಿಪತಿ’ ಆಟ ದೇಶದಿಂದ ದೇಶಕ್ಕೆ ಬದಲಾದ ಬಗೆ

ಕೋಟ್ಯಧಿಪತಿ ಮಾದರಿಯ ಕ್ವಿಜ್‌ಗಳ ವಿಡಿಯೊ ತುಣುಕುಗಳು ಈಗ ಎಲ್ಲ ದೇಶಗಳಿಂದಲೂ ನಮ್ಮ ಮೊಬೈಲ್ ಪರದೆಗೆ ಬಂದು ಬೀಳುತ್ತಿವೆ. ಅದೇ ನೀಲಿ ಬೆಳಕು, ಎದೆಬಡಿತದಂಥ ಅದೇ ಸಂಗೀತ, ಎದುರುಬದುರಾಗಿ ಇಟ್ಟ ಅದೇ ಎರಡು ಎತ್ತರದ ಕುರ್ಚಿ. ಆದರೆ ಬ್ರಿಟನ್ನಿನ ಹಳೆಯ ಕಂತಿನಲ್ಲಿ ಸ್ಪರ್ಧಿ ಎಷ್ಟು ಹೊತ್ತು ಬೇಕಾದರೂ ಯೋಚಿಸುತ್ತ ಕೂರಬಹುದು; ಅಮೆರಿಕದ ಒಂದು ಕಾಲದ ಕಂತುಗಳಲ್ಲಿ ಪ್ರತಿ ಪ್ರಶ್ನೆಗೂ ಗಡಿಯಾರ ಓಡುತ್ತದೆ. ಹಿಂದಿಯ ‘ಕೌನ್ ಬನೇಗಾ ಕರೋಡ್‌ಪತಿ’ಯ ಒಂದು ವರ್ಷದ ಕಂತಿನಲ್ಲಿ ಕೊನೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರು 3,20,000 ರೂಪಾಯಿಗೆ ಜಾರುತ್ತಾರೆ. ಅದೇ ಕಾರ್ಯಕ್ರಮದ ಮತ್ತೊಂದು ವರ್ಷದಲ್ಲಿ ತಪ್ಪು ಉತ್ತರ ಕೊಟ್ಟವರೂ 75 ಲಕ್ಷ ರೂಪಾಯಿ ಒಯ್ಯುತ್ತಾರೆ. ಹಾಗಾದರೆ ಇವೆಲ್ಲ ಒಂದೇ ಆಟವೇ? ಯಾವುದು ಮೂಲ, ಯಾವುದು ಬದಲಾವಣೆ, ಮತ್ತು ಆ ಬದಲಾವಣೆಯಿಂದ ಕುರ್ಚಿಯಲ್ಲಿ ಕುಳಿತವರ ಪಾಲಿಗೆ ಆಗುವ ವ್ಯತ್ಯಾಸವೇನು ಎಂಬುದನ್ನು ಬುಡದಿಂದ ನೋಡೋಣ.

ಆಟ ಹುಟ್ಟಿದ್ದು ಎಲ್ಲಿ?

ಮೂಲ ಕಾರ್ಯಕ್ರಮದ ಹೆಸರು ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್?’. ಅದು ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 1998ರ ಸೆಪ್ಟೆಂಬರ್ 4ರಂದು ಮೊದಲು ಪ್ರಸಾರವಾಯಿತು. ನಿರೂಪಕರು ಕ್ರಿಸ್ ಟ್ಯಾರಂಟ್. ಡೇವಿಡ್ ಬ್ರಿಗ್ಸ್, ಮೈಕ್ ವೈಟ್‌ಹಿಲ್ ಮತ್ತು ಸ್ಟೀವನ್ ನೈಟ್ ಎಂಬ ಮೂವರು ಇದನ್ನು ರೂಪಿಸಿದರು. ಸೆಲಡಾರ್ ಎಂಬ ಸಂಸ್ಥೆ ನಿರ್ಮಿಸಿತು. ಅವರು ಮೊದಲು ಇದಕ್ಕೆ ಇಟ್ಟುಕೊಂಡಿದ್ದ ಹೆಸರು ‘ಕ್ಯಾಶ್ ಮೌಂಟನ್’, ಅಂದರೆ ಹಣದ ಬೆಟ್ಟ. ಸ್ಪರ್ಧೆಗೆ ಸೇರಬಯಸುವವರು ದುಬಾರಿ ದರದ ದೂರವಾಣಿ ಸಂಖ್ಯೆಗೆ ಕರೆ ಮಾಡಬೇಕಿತ್ತು, ಆ ಕರೆಗಳಿಂದ ಬಂದ ಹಣವೇ ಬಹುಮಾನಕ್ಕೆ ಆಧಾರವಾಗಿತ್ತು. ಹತ್ತು ಲಕ್ಷ ಪೌಂಡ್‌ನಷ್ಟು ದೊಡ್ಡ ಮೊತ್ತವನ್ನು ಒಂದು ಕ್ವಿಜ್ ಕೊಡಲು ಸಾಧ್ಯವಾದದ್ದು ಈ ಏರ್ಪಾಡಿನಿಂದ.

ಪ್ರತಿ ಪ್ರಶ್ನೆಗೂ ಹಣ ಇಮ್ಮಡಿಯಾಗುವ ಉಪಾಯ ಮಾತ್ರ ಇವರದಲ್ಲ. ಅಮೆರಿಕದ ರೇಡಿಯೊದಲ್ಲಿ 1940ರಷ್ಟು ಹಿಂದೆಯೇ ಒಂದು ಡಾಲರಿನಿಂದ ಹೊರಟು 2, 4, 8, 16, 32 ಎಂದು ಏರಿ 64 ಡಾಲರಿಗೆ ನಿಲ್ಲುವ ಕ್ವಿಜ್ ಇತ್ತು. 1955ರಲ್ಲಿ ಅದು ಟಿ.ವಿ.ಗೆ ಬಂದಾಗ 64 ಡಾಲರ್ 64,000 ಡಾಲರ್ ಆಯಿತು. ಇಂದಿಗೂ ಹಲವು ಆವೃತ್ತಿಗಳಲ್ಲಿ 32,000, 64,000 ಎಂಬ ಅಂಕಿಗಳು ಕಾಣುವುದರ ಬೇರು ಈ ಇಮ್ಮಡಿಯ ಲೆಕ್ಕದಲ್ಲಿದೆ.

‘ಫಾರ್ಮ್ಯಾಟ್’ ಎಂದರೇನು?

ಕಾರ್ಯಕ್ರಮವೊಂದರ ನಿಯಮ, ವೇದಿಕೆಯ ವಿನ್ಯಾಸ, ಬೆಳಕು, ಸಂಗೀತ, ನಿರೂಪಣೆಯ ಕ್ರಮ, ಇವೆಲ್ಲವನ್ನೂ ಒಟ್ಟಾಗಿ ಟಿ.ವಿ. ಉದ್ಯಮದವರು ಫಾರ್ಮ್ಯಾಟ್ ಎಂದು ಕರೆಯುತ್ತಾರೆ. ಇದನ್ನು ಇಡ್ಲಿ ತಟ್ಟೆಗೆ ಹೋಲಿಸಬಹುದು. ಹಿಟ್ಟು ಆಯಾ ಮನೆಯದು. ಕುಳಿಗಳ ಆಕಾರ ತಟ್ಟೆಯದು. ಬೇರೆ ದೇಶದ ವಾಹಿನಿಗಳು ಹಣ ಕೊಟ್ಟು ಪರವಾನಗಿ ಪಡೆದು ಆ ತಟ್ಟೆಯನ್ನು ತರುತ್ತವೆ, ಪ್ರಶ್ನೆ ಮತ್ತು ಭಾಷೆಯನ್ನು ತಾವೇ ಹಾಕುತ್ತವೆ. ಆದ್ದರಿಂದ ನಮ್ಮ ಕೋಟ್ಯಧಿಪತಿ ಕಾರ್ಯಕ್ರಮವನ್ನು ‘ನಕಲು’ ಎನ್ನುವುದು ಸರಿಯಲ್ಲ. ಅದು ಪರವಾನಗಿ ಪಡೆದ ಆವೃತ್ತಿ. ಈ ಆಟದ ಹಕ್ಕು ಸೆಲಡಾರ್‌ನಿಂದ 2006ರಲ್ಲಿ ನೆದರ್ಲೆಂಡ್ಸ್ ಮೂಲದ ಟೂವೇಟ್ರಾಫಿಕ್ ಸಂಸ್ಥೆಗೆ ಹೋಯಿತು, 2008ರಲ್ಲಿ ಆ ಸಂಸ್ಥೆಯನ್ನೇ ಸೋನಿ ಪಿಕ್ಚರ್ಸ್ ಕೊಂಡಿತು. ನೂರಕ್ಕೂ ಹೆಚ್ಚು ದೇಶಗಳಲ್ಲಿ ಈ ಆಟ ಒಂದಲ್ಲ ಒಂದು ರೂಪದಲ್ಲಿ ಪ್ರಸಾರವಾಗಿದೆ.

ಎಲ್ಲೆಡೆ ಒಂದೇ ಬಗೆಯ ಭಾವ ಹುಟ್ಟುವುದಕ್ಕೆ ಸಂಗೀತದ ಪಾಲು ದೊಡ್ಡದು. ಕೀತ್ ಸ್ಟ್ರ್ಯಾಚನ್ ಮತ್ತು ಮ್ಯಾಥ್ಯೂ ಸ್ಟ್ರ್ಯಾಚನ್ ಎಂಬ ತಂದೆ–ಮಗ ಮಾಡಿದ ಈ ಸಂಗೀತ ಪ್ರಶ್ನೆ ಏರಿದಂತೆ ಶ್ರುತಿಯಲ್ಲೂ ಒಂದೊಂದೇ ಅರೆಸ್ವರ ಮೇಲೇರುತ್ತದೆ. ಕೇಳುಗರಿಗೆ ಅದು ಗಮನಕ್ಕೇ ಬರುವುದಿಲ್ಲ, ಆದರೂ ಬಿಗಿ ಹೆಚ್ಚಿದ ಅನುಭವ ಆಗುತ್ತದೆ.

ಹಣದ ಏಣಿ: ಮಿಲಿಯನ್ ಎಲ್ಲಿ, ಕೋಟಿ ಎಲ್ಲಿ?

ಮೂಲ ಬ್ರಿಟಿಷ್ ಆಟದಲ್ಲಿ 15 ಪ್ರಶ್ನೆಗಳಿದ್ದವು. 100 ಪೌಂಡ್‌ನಿಂದ ಹೊರಟು 200, 300, 500, 1,000. ಅಲ್ಲಿಂದ 2,000, 4,000, 8,000, 16,000, 32,000. ಅಲ್ಲಿಂದ 64,000, 1,25,000, 2,50,000, 5,00,000, ಕೊನೆಗೆ 10 ಲಕ್ಷ ಪೌಂಡ್. 64,000ದ ಇಮ್ಮಡಿ 1,28,000 ಆಗಬೇಕಿತ್ತು. ಆದರೆ ತುದಿಯಲ್ಲಿ ಸರಿಯಾಗಿ ಒಂದು ಮಿಲಿಯನ್ ಬರಬೇಕೆಂದು ಅಲ್ಲಿ ಮೂರು ಸಾವಿರ ಕಳೆದು 1,25,000 ಮಾಡಿದ್ದಾರೆ.

ಈಗ 2000ದ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ ಅಮಿತಾಭ್ ಬಚ್ಚನ್ ನಿರೂಪಣೆಯಲ್ಲಿ ಶುರುವಾದ ‘ಕೌನ್ ಬನೇಗಾ ಕರೋಡ್‌ಪತಿ’ಯ ಏಣಿಯನ್ನು ಪಕ್ಕದಲ್ಲಿಡಿ: 1,000, 2,000, 3,000, 5,000, 10,000, 20,000, 40,000, 80,000, 1,60,000, 3,20,000, 6,40,000, 12,50,000, 25 ಲಕ್ಷ, 50 ಲಕ್ಷ, 1 ಕೋಟಿ. ಒಂದೊಂದು ಮೆಟ್ಟಿಲೂ ಬ್ರಿಟಿಷ್ ಮೆಟ್ಟಿಲಿನ ಸರಿಯಾಗಿ ಹತ್ತು ಪಟ್ಟು. ಮಿಲಿಯನ್ ಎಂದರೆ ಹತ್ತು ಲಕ್ಷ. ಆದರೆ ಭಾರತೀಯರ ಬಾಯಲ್ಲಿ ಹತ್ತು ಲಕ್ಷಕ್ಕೆ ಬಿರುದಿನಂಥ ಒಂದು ಪದವಿಲ್ಲ. ಲಕ್ಷಾಧೀಶ ಎಂದರೆ ಮೊತ್ತ ಸಣ್ಣದಾಯಿತು, ಕೋಟ್ಯಧಿಪತಿ ಎಂದರೆ ಗತ್ತು ಬಂತು. ಹೆಸರು ಕೋಟಿಗೆ ಏರಿದಾಗ ಏಣಿಯನ್ನು ಹೊಸದಾಗಿ ಕಟ್ಟಬೇಕಾಗಲಿಲ್ಲ, ಒಂದು ಸೊನ್ನೆ ಸೇರಿಸಿದರೆ ಸಾಕಾಯಿತು.

ಬೇರೆಡೆಯ ಕಥೆಗಳೂ ಇಷ್ಟೇ ಕುತೂಹಲದವು. ಜಪಾನಿನಲ್ಲಿ ಹತ್ತು ಲಕ್ಷ ಯೆನ್ ದೊಡ್ಡ ಮೊತ್ತವಲ್ಲ, ಹಾಗಾಗಿ ಅಲ್ಲಿ ತುದಿಯ ಬಹುಮಾನ ಒಂದು ಕೋಟಿ ಯೆನ್ ಆಯಿತು. ಜರ್ಮನಿಯಲ್ಲಿ ಗುಂತರ್ ಯಾವುಖ್ 1999ರಿಂದ ನಡೆಸುತ್ತಿರುವ ಆವೃತ್ತಿ ಮೊದಲು ಹತ್ತು ಲಕ್ಷ ಮಾರ್ಕ್ ಕೊಡುತ್ತಿತ್ತು. 2002ರಲ್ಲಿ ಯೂರೊ ಬಂದಾಗ ಬಹುಮಾನ ಹತ್ತು ಲಕ್ಷ ಯೂರೊ ಆಯಿತು. ಒಂದು ಯೂರೊ ಸುಮಾರು 1.96 ಮಾರ್ಕ್‌ಗೆ ಸಮ. ಅಂದರೆ ಕಾರ್ಯಕ್ರಮದ ಹೆಸರು ಹಾಗೇ ಉಳಿದು ಬಹುಮಾನ ಹೆಚ್ಚು ಕಡಿಮೆ ಇಮ್ಮಡಿಯಾಯಿತು. ಆದರೆ ಕೆಳಗಿನ ಮೆಟ್ಟಿಲುಗಳು ಇಮ್ಮಡಿಯಾಗಲಿಲ್ಲ: ಅಲ್ಲಿ ಹತ್ತನೆಯ ಪ್ರಶ್ನೆಗೆ 16,000 ಯೂರೊ ಮಾತ್ರ, ಮತ್ತು 1,25,000ದಿಂದ ನೇರವಾಗಿ 5,00,000ಕ್ಕೆ ಒಂದು ದೊಡ್ಡ ಜಿಗಿತ.

ಆಟದ ನಿಜವಾದ ಗುಟ್ಟು: ಜಾರಿದರೆ ಎಲ್ಲಿ ನಿಲ್ಲುತ್ತೇವೆ?

ನನ್ನ ದೃಷ್ಟಿಯಲ್ಲಿ ಎರಡು ಆವೃತ್ತಿಗಳನ್ನು ಹೋಲಿಸುವವರು ಮೊದಲು ನೋಡಬೇಕಾದದ್ದು ತುದಿಯ ಬಹುಮಾನವನ್ನಲ್ಲ, ಸುರಕ್ಷಿತ ಹಂತವನ್ನು. ಅಲ್ಲಿಯವರೆಗೆ ತಲುಪಿದ ಮೇಲೆ ಮುಂದೆ ಎಷ್ಟೇ ತಪ್ಪಿದರೂ ಆ ಹಣ ಕೈತಪ್ಪುವುದಿಲ್ಲ. ತೆಂಗಿನ ಮರ ಹತ್ತುವವನ ಕಾಲಿಗೆ ನಡುವೆ ಕಚ್ಚುಗಳು ಸಿಕ್ಕಿದಂತೆ ಇದು. ಜಾರಿದರೂ ನೆಲಕ್ಕೆ ಬೀಳದೆ ಕಚ್ಚಿನಲ್ಲಿ ನಿಲ್ಲಬಹುದು. ಬ್ರಿಟನ್ನಿನ ಮೂಲ ಆಟದಲ್ಲಿ ಈ ಹಂತಗಳು 1,000 ಮತ್ತು 32,000 ಪೌಂಡ್ ಆಗಿದ್ದವು. ಹಿಂದಿಯಲ್ಲಿ ಶುರುವಾದಾಗ 10,000 ಮತ್ತು 3,20,000 ರೂಪಾಯಿ. ಸ್ಪರ್ಧಿ ಪ್ರಶ್ನೆಯನ್ನು ನೋಡಿದ ಮೇಲೂ ಉತ್ತರಿಸದೆ ಕ್ವಿಟ್ ಮಾಡಿ, ಅದುವರೆಗೆ ಗೆದ್ದ ಹಣವನ್ನು ಪೂರ್ತಿ ಒಯ್ಯಬಹುದು ಎಂಬ ನಿಯಮವನ್ನೂ ಇದರ ಜೊತೆಗೆ ಸೇರಿಸಿಕೊಳ್ಳಿ.

ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಸ್ಪರ್ಧಿ 3,20,000 ಗೆದ್ದಿದ್ದಾರೆ, ಮುಂದಿನದು 6,40,000ದ ಪ್ರಶ್ನೆ. ತಪ್ಪಿದರೂ 3,20,000 ಇದ್ದೇ ಇದೆ. ಕ್ವಿಟ್ ಮಾಡಿದರೂ ಅಷ್ಟೇ. ಹಾಗಾಗಿ ಇಲ್ಲಿ ಏನೂ ಗೊತ್ತಿಲ್ಲದಿದ್ದರೂ ಕಣ್ಣು ಮುಚ್ಚಿ ಒಂದು ಉತ್ತರ ಹೇಳುವುದೇ ಜಾಣತನ. ಈಗ ಅದೇ ಸ್ಪರ್ಧಿ 50 ಲಕ್ಷ ಗೆದ್ದು ಕೋಟಿಯ ಪ್ರಶ್ನೆಯ ಮುಂದೆ ಕುಳಿತಿದ್ದಾರೆ ಎನ್ನಿ. ಸರಿಯಾದರೆ 50 ಲಕ್ಷ ಹೆಚ್ಚು ಸಿಗುತ್ತದೆ. ತಪ್ಪಾದರೆ 50 ಲಕ್ಷದಿಂದ 3,20,000ಕ್ಕೆ ಜಾರಿ 46,80,000 ರೂಪಾಯಿ ಹೋಗುತ್ತದೆ. ಲಾಭ ನಷ್ಟ ಸರಿದೂಗಬೇಕಾದರೆ ಉತ್ತರದ ಬಗ್ಗೆ ಸುಮಾರು ಶೇ 48ರಷ್ಟು ಖಾತ್ರಿ ಬೇಕು. ನಾಲ್ಕು ಆಯ್ಕೆಗಳಲ್ಲಿ ಎರಡು ಅಳಿಸಿಹೋಗಿ, ಉಳಿದ ಎರಡರಲ್ಲಿ ಯಾವುದೆಂದು ಗೊತ್ತಾಗದಿದ್ದರೆ ಖಾತ್ರಿ ಶೇ 50. ಅಂದರೆ ಆಡುವುದೂ ಬಿಡುವುದೂ ಬಹುತೇಕ ಸಮ. ಆ ಕ್ಷಣದಲ್ಲಿ ಸ್ಪರ್ಧಿಯ ಮುಖದಲ್ಲಿ ಕಾಣುವ ತೊಳಲಾಟ ನಟನೆಯಲ್ಲ. ಅಲ್ಲಿಯ ಲೆಕ್ಕವೇ ಎರಡೂ ಕಡೆಗೆ ಎಳೆಯುವಂಥದ್ದು.

ಕೋಟಿಯ ಮೇಲೆ ಜಾಕ್‌ಪಾಟ್ ಸೇರಿದಾಗ ಈ ಲೆಕ್ಕ ತಲೆಕೆಳಗಾಯಿತು. 2010ರಲ್ಲಿ ಕಾರ್ಯಕ್ರಮ ಸೋನಿ ವಾಹಿನಿಗೆ ಬಂದಾಗ ಕೋಟಿಯ ನಂತರ 5 ಕೋಟಿಯ ಇನ್ನೊಂದು ಪ್ರಶ್ನೆ ಬಂತು. 2011ರಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಅದನ್ನು ಗೆದ್ದರು. 2013ರಿಂದ ಮೊತ್ತ 7 ಕೋಟಿಯಾಯಿತು. ಕೋಟಿ ಗೆದ್ದವರು 7 ಕೋಟಿಗೆ ಆಡಿ ತಪ್ಪಿದರೆ 3,20,000ಕ್ಕೆ ಜಾರುವ ನಿಯಮವನ್ನು ತೆಗೆದುಕೊಂಡರೆ, ಗೆಲುವಿನಿಂದ 6 ಕೋಟಿ ಹೆಚ್ಚು, ಸೋಲಿನಿಂದ 96,80,000 ಕಡಿಮೆ. ಲೆಕ್ಕ ಸರಿದೂಗಲು ಶೇ 14ರಷ್ಟು ಖಾತ್ರಿ ಸಾಕು. ಕಣ್ಣು ಮುಚ್ಚಿ ಹೇಳಿದರೂ ನಾಲ್ಕರಲ್ಲಿ ಒಂದು, ಅಂದರೆ ಶೇ 25 ಇದೆ! ಆದರೂ ಕೋಟಿ ಗೆದ್ದವರು ಇಲ್ಲಿ ಕ್ವಿಟ್ ಮಾಡುವುದು ಸಾಮಾನ್ಯ, ಮತ್ತು ಅದು ಅವಿವೇಕವೂ ಅಲ್ಲ. ಸರಾಸರಿಯ ಲೆಕ್ಕ ನೂರು ಸಲ ಆಡುವವರಿಗೆ ಒಪ್ಪುತ್ತದೆ. ಹಾಟ್ ಸೀಟ್‌ನಲ್ಲಿ ಜೀವನದಲ್ಲಿ ಒಂದೇ ಸಲ ಕೂರುವ ಮನುಷ್ಯನಿಗೆ ಕೈಯಲ್ಲಿರುವ ಕೋಟಿ ಎಂದರೆ ಮನೆ, ಸಾಲ ತೀರುವಳಿ, ಮಕ್ಕಳ ಓದು. ನಾಲ್ಕರಲ್ಲಿ ಮೂರು ಪಾಲು ಅದನ್ನು ಕಳೆದುಕೊಳ್ಳುವ ಸಾಧ್ಯತೆಗೆ ಯಾವ ಸರಾಸರಿಯೂ ಸಮಾಧಾನ ಹೇಳಲಾರದು.

ಇದಕ್ಕೆ ಪರಿಹಾರವೆಂಬಂತೆ 2022ರಲ್ಲಿ ಹೊಸ ಮೆಟ್ಟಿಲೊಂದು ಬಂತು. ತುದಿಯ ಬಹುಮಾನವನ್ನು ಏಳೂವರೆ ಕೋಟಿ ಮಾಡಿ, 50 ಲಕ್ಷಕ್ಕೂ ಕೋಟಿಗೂ ನಡುವೆ 75 ಲಕ್ಷದ ಸುರಕ್ಷಿತ ಹಂತವನ್ನು ಸೇರಿಸಿದರು. ಆ ವರ್ಷ ಕೊನೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರು ಕಳೆದುಕೊಳ್ಳುತ್ತಿದ್ದುದು 25 ಲಕ್ಷ ಮಾತ್ರ, ಗೆದ್ದರೆ ಆರೂವರೆ ಕೋಟಿ ಹೆಚ್ಚು. ಶೇ 4ರಷ್ಟು ಖಾತ್ರಿ ಇದ್ದರೂ ಲೆಕ್ಕದ ಪ್ರಕಾರ ಆಡಬಹುದಿತ್ತು. ಪ್ರಶ್ನೆಯ ಕಾಠಿಣ್ಯ ಅಷ್ಟೇ ಇದ್ದರೂ ಒಂದು ಮೆಟ್ಟಿಲು ಸೇರಿದ್ದರಿಂದ ಆಟದ ಸ್ವಭಾವವೇ ಬದಲಾಯಿತು.

ಬ್ರಿಟನ್ ಮತ್ತು ಜರ್ಮನಿ ಇದೇ ಹಂತದ ಮೇಲೆ ಬೇರೆ ಬಗೆಯ ಪ್ರಯೋಗ ಮಾಡಿವೆ. 2018ರಲ್ಲಿ ಜೆರೆಮಿ ಕ್ಲಾರ್ಕ್‌ಸನ್ ನಿರೂಪಕರಾಗಿ ಬ್ರಿಟಿಷ್ ಆಟ ಮರಳಿದಾಗ, ಎರಡನೆಯ ಸುರಕ್ಷಿತ ಹಂತವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂಬ ತೀರ್ಮಾನವನ್ನು ಸ್ಪರ್ಧಿಗೇ ಬಿಟ್ಟರು. ಆದರೆ ಆ ಪ್ರಶ್ನೆಯನ್ನು ನೋಡುವ ಮೊದಲೇ ಹೇಳಬೇಕು. ಬೇಗ ಇಟ್ಟುಕೊಂಡರೆ ಧೈರ್ಯ ಬರುತ್ತದೆ, ಆದರೆ ಮೊತ್ತ ಸಣ್ಣದು. ತಡ ಮಾಡಿದರೆ ಮೊತ್ತ ದೊಡ್ಡದು, ಆದರೆ ಅಲ್ಲಿಯವರೆಗೆ ತಲುಪುವ ಭರವಸೆಯಿಲ್ಲ. ಜರ್ಮನಿಯಲ್ಲಿ 2007ರಿಂದ ಸ್ಪರ್ಧಿಗೆ ಆರಂಭದಲ್ಲೇ ಒಂದು ಆಯ್ಕೆ ಇದೆ: ನಾಲ್ಕನೆಯ ಲೈಫ್‌ಲೈನ್ (ಉತ್ತರಕ್ಕೆ ಸಹಾಯ ಪಡೆಯುವ ಅವಕಾಶ) ಬೇಕೆಂದರೆ 16,000 ಯೂರೊದ ಸುರಕ್ಷಿತ ಹಂತವನ್ನು ಬಿಟ್ಟುಕೊಡಬೇಕು. ಸಹಾಯ ಹೆಚ್ಚು ಬೇಕೋ, ಆಸರೆ ಹೆಚ್ಚು ಬೇಕೋ ಎಂಬುದನ್ನು ಅವರವರೇ ತೂಗಿ ನೋಡಿಕೊಳ್ಳಬೇಕು.

ಲೈಫ್‌ಲೈನ್‌ಗಳು ಕೆಲಸ ಮಾಡುವ ಬಗೆ

ಮೂಲ ಆಟದಲ್ಲಿ ಮೂರೇ ಲೈಫ್‌ಲೈನ್: ಎರಡು ತಪ್ಪು ಉತ್ತರಗಳನ್ನು ಅಳಿಸುವ ಫಿಫ್ಟಿ–ಫಿಫ್ಟಿ, ಸ್ನೇಹಿತರಿಗೆ ಕರೆ ಮಾಡುವ ಫೋನ್ ಎ ಫ್ರೆಂಡ್, ಮತ್ತು ಪ್ರೇಕ್ಷಕರ ಮತ ಕೇಳುವ ಆಡಿಯನ್ಸ್ ಪೋಲ್.

ಪ್ರೇಕ್ಷಕರ ಮತ ಹೊರನೋಟಕ್ಕೆ ದುರ್ಬಲ ಸಹಾಯದಂತೆ ಕಾಣುತ್ತದೆ, ಆದರೆ ಅದರ ಬಲ ಗಣಿತದಲ್ಲಿದೆ. ನೂರು ಪ್ರೇಕ್ಷಕರಲ್ಲಿ 40 ಜನರಿಗೆ ಮಾತ್ರ ಉತ್ತರ ಗೊತ್ತಿದೆ, ಉಳಿದ 60 ಮಂದಿ ಏನೂ ತಿಳಿಯದೆ ಒತ್ತುತ್ತಾರೆ ಎಂದುಕೊಳ್ಳಿ. ಆ 60 ಮತಗಳು ನಾಲ್ಕು ಆಯ್ಕೆಗಳಿಗೂ ತಲಾ 15ರಂತೆ ಹಂಚಿಹೋದರೆ ಸರಿಯುತ್ತರಕ್ಕೆ 55, ಉಳಿದವಕ್ಕೆ 15 ಮತ ಬೀಳುತ್ತವೆ. ಅರ್ಧಕ್ಕಿಂತ ಕಡಿಮೆ ಜನರ ತಿಳಿವಳಿಕೆ ಪರದೆಯ ಮೇಲೆ ಸ್ಪಷ್ಟ ಬಹುಮತವಾಗಿ ಎದ್ದು ಕಾಣುತ್ತದೆ. ಆದರೆ ತಿಳಿಯದವರೆಲ್ಲ ಒಂದೇ ತಪ್ಪಿನ ಕಡೆಗೆ ವಾಲಿದರೆ ಈ ಬಲವೇ ಅಪಾಯವಾಗುತ್ತದೆ. ಫ್ರಾನ್ಸಿನ ಆವೃತ್ತಿಯಲ್ಲಿ ಒಮ್ಮೆ ಭೂಮಿಯನ್ನು ಸುತ್ತುವುದು ಯಾವುದೆಂಬ ಪ್ರಶ್ನೆಗೆ ಚಂದ್ರ, ಸೂರ್ಯ, ಮಂಗಳ, ಶುಕ್ರ ಎಂಬ ಆಯ್ಕೆಗಳಿದ್ದವು. ಪ್ರೇಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೂರ್ಯ ಎಂದರು. ಸ್ಪರ್ಧಿ ಅವರನ್ನು ನಂಬಿ ಸೋತರು.

ಫೋನ್ ಎ ಫ್ರೆಂಡ್ ಎಂದರೆ ಅಮೆರಿಕದ ಆವೃತ್ತಿಯ ಒಂದು ಸಂಜೆ ನೆನಪಾಗುತ್ತದೆ. 1999ರ ನವೆಂಬರ್ 19ರಂದು ಜಾನ್ ಕಾರ್ಪೆಂಟರ್ ಯಾವ ಸಹಾಯವನ್ನೂ ಬಳಸದೆ ಕೊನೆಯ ಪ್ರಶ್ನೆಗೆ ಬಂದರು. ಅಮೆರಿಕದ ಯಾವ ಅಧ್ಯಕ್ಷರು ಒಂದು ಹಾಸ್ಯ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿದ್ದರು ಎಂಬುದು ಪ್ರಶ್ನೆ. ಅವರು ತಂದೆಗೆ ಫೋನ್ ಮಾಡಬೇಕೆಂದರು. ತಂದೆ ಫೋನ್ ತೆಗೆದಾಗ, ತನಗೆ ಸಹಾಯ ಬೇಕಿಲ್ಲವೆಂದೂ ತಾನು ಹತ್ತು ಲಕ್ಷ ಡಾಲರ್ ಗೆಲ್ಲಲಿದ್ದೇನೆಂದು ತಿಳಿಸಲು ಕರೆ ಮಾಡಿದೆನೆಂದೂ ಹೇಳಿದರು. ಆಮೇಲೆ ರಿಚರ್ಡ್ ನಿಕ್ಸನ್ ಎಂದು ಉತ್ತರಿಸಿ ಗೆದ್ದರು. ಈ ಆಟದ ತುದಿಯ ಬಹುಮಾನವನ್ನು ಜಗತ್ತಿನಲ್ಲಿ ಮೊದಲು ಗೆದ್ದವರು ಅವರೇ. ಬ್ರಿಟನ್ನಿನಲ್ಲಿ ಜೂಡಿತ್ ಕೆಪೆಲ್ ಗೆದ್ದದ್ದು ಮರುವರ್ಷದ ನವೆಂಬರ್‌ನಲ್ಲಿ. ಅದೇ ವರ್ಷ ಹಿಂದಿಯಲ್ಲಿ ಹರ್ಷವರ್ಧನ್ ನವಾಥೆ ಮೊದಲ ಕೋಟ್ಯಧಿಪತಿಯಾದರು.

ಆ ಲೈಫ್‌ಲೈನನ್ನೇ ಅಮೆರಿಕದವರು 2010ರಲ್ಲಿ ಕೈಬಿಟ್ಟರು. ಕರೆ ಸ್ವೀಕರಿಸಿದ ಸ್ನೇಹಿತರು ಕಂಪ್ಯೂಟರ್ ಮುಂದೆ ಕುಳಿತು ಇಂಟರ್ನೆಟ್‌ನಲ್ಲಿ ಉತ್ತರ ಹುಡುಕತೊಡಗಿದ್ದರು. ಸ್ನೇಹಿತರ ತಿಳಿವಳಿಕೆಯ ಪರೀಕ್ಷೆ ಬೆರಳಿನ ವೇಗದ ಪರೀಕ್ಷೆಯಾಗಿತ್ತು. ಹೊಸ ಲೈಫ್‌ಲೈನ್‌ಗಳಲ್ಲಿ ನನಗೆ ಹೆಚ್ಚು ಅರ್ಥಪೂರ್ಣವೆನಿಸುವುದು ಡಬಲ್ ಡಿಪ್. ಇದರಲ್ಲಿ ಒಂದೇ ಪ್ರಶ್ನೆಗೆ ಎರಡು ಉತ್ತರ ಹೇಳಬಹುದು, ಆದರೆ ಬಳಸುತ್ತೇನೆಂದ ಮೇಲೆ ಕ್ವಿಟ್ ಮಾಡುವಂತಿಲ್ಲ. ಸಹಾಯ ಕೊಡುತ್ತಲೇ ಹಿಂದಿರುಗುವ ದಾರಿಯನ್ನು ಮುಚ್ಚುವ ಲೈಫ್‌ಲೈನ್ ಇದು. ಕ್ಲಾರ್ಕ್‌ಸನ್ ಅವರ ಆವೃತ್ತಿಯಲ್ಲಿ ನಿರೂಪಕರನ್ನೇ ಕೇಳುವ ಅವಕಾಶವಿದೆ. 2020ರಲ್ಲಿ ಕೋವಿಡ್ ಕಾರಣದಿಂದ ಹಿಂದಿ ಆವೃತ್ತಿಯ ಸ್ಟುಡಿಯೊದಲ್ಲಿ ಪ್ರೇಕ್ಷಕರೇ ಇಲ್ಲದಾಗ ಅವರ ಮತದ ಲೈಫ್‌ಲೈನೂ ಆ ವರ್ಷಕ್ಕೆ ಇಲ್ಲವಾಯಿತು.

ಗಡಿಯಾರ ಬಂದಾಗ

ಮೂಲ ಆಟದಲ್ಲಿ ಕಾಲಮಿತಿ ಇರಲಿಲ್ಲ. ಸ್ಪರ್ಧಿ ಗಟ್ಟಿಯಾಗಿ ಯೋಚಿಸುತ್ತ ಒಂದೊಂದೇ ಆಯ್ಕೆಯನ್ನು ತಳ್ಳಿಹಾಕುವುದನ್ನು ನೋಡುವುದೇ ಅದರ ಸೊಗಸು. ಅಮೆರಿಕದಲ್ಲಿ 2008ರಲ್ಲಿ ಗಡಿಯಾರ ಬಂತು: ಮೊದಲ ಐದು ಪ್ರಶ್ನೆಗಳಿಗೆ ತಲಾ 15 ಸೆಕೆಂಡ್, ಮುಂದಿನ ಐದಕ್ಕೆ 30, ಅದರಾಚೆಗೆ 45. ಉಳಿಸಿದ ಸೆಕೆಂಡುಗಳೆಲ್ಲ ಕೂಡಿ ಕೊನೆಯ ಪ್ರಶ್ನೆಗೆ ಸಿಗುತ್ತಿದ್ದವು. ಬ್ರಿಟನ್ನಿಗೆ ಅದು 2010ರಲ್ಲಿ ಬಂತು. ಹಿಂದಿಯಲ್ಲಿ ಆರಂಭದ ಪ್ರಶ್ನೆಗಳಿಗೆ ಮಾತ್ರ ಗಡಿಯಾರ ಇಟ್ಟು, ದೊಡ್ಡ ಮೊತ್ತದ ಪ್ರಶ್ನೆಗಳಿಗೆ ಕಾಲದ ಹಂಗು ಇಲ್ಲದಂತೆ ನೋಡಿಕೊಂಡರು. ಈ ಮಧ್ಯಮ ಮಾರ್ಗ ನನಗೆ ಹೆಚ್ಚು ಸರಿಯೆನಿಸುತ್ತದೆ: ಸುಲಭದ ಪ್ರಶ್ನೆಗಳು ಚುರುಕಾಗಿ ಮುಗಿಯುತ್ತವೆ, ಕಷ್ಟದ ಪ್ರಶ್ನೆಗಳಲ್ಲಿ ಮನುಷ್ಯರು ಯೋಚಿಸುವುದನ್ನು ನೋಡಲು ಸಿಗುತ್ತದೆ.

ಏಣಿಯನ್ನೇ ಕಲಸಿದ ಅಮೆರಿಕ

ಎಲ್ಲ ಬದಲಾವಣೆಗಳಲ್ಲೂ ದೊಡ್ಡದು 2010ರಲ್ಲಿ ಅಮೆರಿಕದಲ್ಲಿ ನಡೆಯಿತು. ಮೊದಲ ಹತ್ತು ಪ್ರಶ್ನೆಗಳಿಗೆ 100ರಿಂದ 25,000 ಡಾಲರ್‌ವರೆಗಿನ ಹತ್ತು ಮೊತ್ತಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ, ಯಾವ ಪ್ರಶ್ನೆಗೆ ಎಷ್ಟು ಹಣ ಎಂಬುದನ್ನು ಉತ್ತರಿಸುವವರೆಗೂ ಮುಚ್ಚಿಟ್ಟರು. ಗೆದ್ದ ಮೊತ್ತಗಳೆಲ್ಲ ಕೂಡುತ್ತ ಹೋಗುತ್ತಿದ್ದವು. ಹತ್ತೂ ಸರಿಯಾದರೆ 68,600 ಡಾಲರ್. ನಡುವೆ ಕ್ವಿಟ್ ಮಾಡಿದರೆ ಕೂಡಿದ್ದರಲ್ಲಿ ಅರ್ಧ ಮಾತ್ರ, ತಪ್ಪಿದರೆ 1,000 ಡಾಲರ್.

ಇದರಿಂದ ಆದದ್ದೇನು? ಸುಲಭದ ಪ್ರಶ್ನೆಗೆ 25,000 ಸಿಗಬಹುದು, ತಲೆಕೆಡಿಸುವ ಪ್ರಶ್ನೆಗೆ 100 ಸಿಗಬಹುದು. ಮುಂದಿನ ಮೆಟ್ಟಿಲು ಕಾಣದಿದ್ದಾಗ, ಮೇಲೆ ವಿವರಿಸಿದ ಲಾಭ–ನಷ್ಟದ ತೂಕವನ್ನು ಸ್ಪರ್ಧಿ ಮಾಡುವುದಾದರೂ ಹೇಗೆ? ನೋಡುಗರಿಗೂ ‘ಇದು ಇಷ್ಟು ಲಕ್ಷದ ಪ್ರಶ್ನೆ’ ಎಂಬ ಉಸಿರು ಬಿಗಿಹಿಡಿಯುವ ಕ್ಷಣ ತಪ್ಪಿಹೋಯಿತು. ಐದು ವರ್ಷಗಳ ನಂತರ, 2015ರಲ್ಲಿ, ಅಮೆರಿಕದ ಆವೃತ್ತಿ ಕ್ರಮವಾಗಿ ಏರುವ ಏಣಿಗೇ ಮರಳಿತು.

ನಮ್ಮ ಭಾಷೆಗೆ ಬಂದಾಗ

ಕನ್ನಡದಲ್ಲಿ ಈ ಆಟ ‘ಕನ್ನಡದ ಕೋಟ್ಯಧಿಪತಿ’ಯಾಗಿ 2012ರ ಮಾರ್ಚ್‌ನಲ್ಲಿ ಸುವರ್ಣ ವಾಹಿನಿಯಲ್ಲಿ ಶುರುವಾಯಿತು. ಪುನೀತ್ ರಾಜ್‌ಕುಮಾರ್ ಮೊದಲೆರಡು ಸರಣಿಗಳನ್ನು ನಡೆಸಿದರು, 2018ರ ಸರಣಿಯನ್ನು ರಮೇಶ್ ಅರವಿಂದ್ ನಡೆಸಿದರು, 2019ರಲ್ಲಿ ಕಲರ್ಸ್ ಕನ್ನಡಕ್ಕೆ ಬಂದಾಗ ಪುನೀತ್ ಮರಳಿದರು. ಅದೇ ಕಾಲಕ್ಕೆ ತಮಿಳಿನಲ್ಲಿ ಸೂರ್ಯ, ಮಲಯಾಳದಲ್ಲಿ ಸುರೇಶ್ ಗೋಪಿ, ಬಂಗಾಳಿಯಲ್ಲಿ ಸೌರವ್ ಗಂಗೂಲಿ, ತುಸು ತಡವಾಗಿ ತೆಲುಗಿನಲ್ಲಿ ನಾಗಾರ್ಜುನ ಇದೇ ಕುರ್ಚಿಯಲ್ಲಿ ಕುಳಿತರು. ಬ್ರಿಟನ್ನಿನ ಟ್ಯಾರಂಟ್ ಸ್ಪರ್ಧಿಯನ್ನು ಕೆಣಕಿ ಗೊಂದಲಕ್ಕೆ ತಳ್ಳುವ ಬಗೆಯ ನಿರೂಪಕ. ಬಚ್ಚನ್ ಗೌರವದಿಂದ ಕುರ್ಚಿ ತೋರಿಸಿ ಮನೆಯ ಸಂಗತಿ ವಿಚಾರಿಸುವ ಹಿರಿಯ. ಪುನೀತ್ ಪಕ್ಕದ ಮನೆಯ ಹುಡುಗನಂತೆ ಸ್ಪರ್ಧಿಯ ಜೊತೆ ಸೇರಿ ನಕ್ಕು, ಗೆದ್ದಾಗ ತಾನೇ ಗೆದ್ದಂತೆ ಹಿಗ್ಗುತ್ತಿದ್ದವರು.

ಭಾಷೆ ಬದಲಾದಾಗ ಪ್ರಶ್ನೆಗಳಲ್ಲಿ ಹೆಚ್ಚು ಬದಲಾಗುವುದು ಕಷ್ಟದವಲ್ಲ, ಸುಲಭದವು. ಜೂಡಿತ್ ಕೆಪೆಲ್ ಅವರಿಗೆ ಕೊನೆಯಲ್ಲಿ ಬಂದದ್ದು ಅಕ್ವಿಟೇನಿನ ಎಲಿನರ್‌ಳನ್ನು ಮದುವೆಯಾಗಿದ್ದ ರಾಜ ಯಾರೆಂಬ ಪ್ರಶ್ನೆ. ಉತ್ತರ ಎರಡನೆಯ ಹೆನ್ರಿ. ಅದನ್ನು ಕನ್ನಡಕ್ಕೆ ತಂದರೂ ಅದು ಕಷ್ಟದ ಪ್ರಶ್ನೆಯಾಗಿಯೇ ಉಳಿಯುತ್ತದೆ, ಇತಿಹಾಸ ಓದಿದ ಕನ್ನಡಿಗರು ಉತ್ತರಿಸಿಯೂ ಬಿಡಬಹುದು. ಆದರೆ ಮೊದಲ ಐದು ಪ್ರಶ್ನೆಗಳಲ್ಲಿ ಬರುವುದು ಶಿಶುಗೀತೆ, ಗಾದೆ, ಅಡುಗೆಮನೆ, ಮಕ್ಕಳ ಆಟ. ‘ಕೈ ಕೆಸರಾದರೆ ಬಾಯಿ ಏನಾಗುತ್ತದೆ?’ ಎಂದು ಕೇಳಿ ಹುಳಿ, ಮೊಸರು, ಹಾಲು, ಬೆಲ್ಲ ಎಂಬ ನಾಲ್ಕು ಆಯ್ಕೆ ಕೊಟ್ಟರೆಂದು ಊಹಿಸಿಕೊಳ್ಳಿ. ಕನ್ನಡದ ಶಾಲಾಮಗು ಪ್ರಶ್ನೆ ಮುಗಿಯುವ ಮೊದಲೇ ಮೊಸರೆಂದು ಲಾಕ್ ಮಾಡಿಸುತ್ತದೆ. ಲಂಡನ್ನಿನಲ್ಲಿ ಹತ್ತು ಲಕ್ಷ ಪೌಂಡ್ ಗೆದ್ದವರು ಅದೇ ಪ್ರಶ್ನೆಗೆ, ಸಾವಿರ ರೂಪಾಯಿಯ ಮೆಟ್ಟಿಲಿನಲ್ಲೇ, ಲೈಫ್‌ಲೈನ್ ಕೇಳಬೇಕಾಗುತ್ತದೆ.